ಬ್ರೇಕು ಒತ್ತಿ ನೋಡುವ ಸಾವ್ಕಾರರು

ಕಂಪ್ಲಿಯ ಕಲ್ಯಾಣ ಮಂಟಪವೊಂದರಲ್ಲಿ ಸಾವ್ಕಾರರ ಶ್ರದ್ಧಾಂಜಲಿ ಸಭೆ ನಡೆಯಿತು. ಅಕ್ಕಿ ಗಿರಣಿಗಳ ಮಾಲೀಕರು, ದಲ್ಲಾಲಿಗಳು, ಬೀಗರು, ಊರಿನ ಹಿರಿಯರು ಎಲ್ಲ ಸೇರಿದ್ದರು. ವೇದಿಕೆಯ ಮೇಲಿದ್ದ ಒಬ್ಬ ಹಿರಿಯರು ಮೈಕು ಹಿಡಿದು, "ಸಾವ್ಕಾರರು ಜೀವನದಲ್ಲಿ ಎಂದೂ ನಿಂತವರಲ್ಲ, ಮುಂದೆ ಮುಂದೆ ಸಾಗುತ್ತಲೇ ಇದ್ದವರು" ಎಂದು ಗದ್ಗದರಾದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಾವೊಂದಿಷ್ಟು ಮಂದಿ ಕಿಸಕ್ಕನೆ ನಕ್ಕುಬಿಟ್ಟೆವು. ಮುಂದಿದ್ದ ಅಜ್ಜಿಯೊಬ್ಬರು ತಿರುಗಿ ಕಣ್ಣು ಬಿಟ್ಟರು. ನಾನು ಸೆರಗನ್ನು ಬಾಯಿಗೊತ್ತಿಕೊಂಡು ಅಳುವವಳ ಹಾಗೆ ತಲೆ ತಗ್ಗಿಸಿದೆ. ಅಳುವೂ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಆ ಮನುಷ್ಯ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಪ್ರೀತಿಸಿದ್ದೇ ನಿಲ್ಲುವುದನ್ನು ಎಂಬುದು ನಮಗೆ ಗೊತ್ತಿತ್ತು, ಪಾಪ, ವೇದಿಕೆಯವರಿಗೆ ಗೊತ್ತಿರಲಿಲ್ಲ.

ನಮ್ಮದೊಂದು ಭಾನುವಾರದ ಸೈಕಲ್ ಗುಂಪು. ಹೊಸಪೇಟೆಯಲ್ಲಿ ಹಲ್ಲಿನ ಡಾಕ್ಟರಾದ ನಾನು, ಗಣಿ ಕಂಪನಿಯಲ್ಲಿ ಕೆಲಸ ಮಾಡುತ್ತ ಯಶವಂತನಗರದಲ್ಲಿ ಮನೆ ಮಾಡಿಕೊಂಡಿರುವ ಒಬ್ಬ ಇಂಜಿನಿಯರು, ಇನ್ನೂ ಮೂರ್ನಾಲ್ಕು ಜನ, ಮತ್ತು ಕಂಪ್ಲಿಯ ಅಕ್ಕಿ ಗಿರಣಿಯ ಈ ಸಾವ್ಕಾರರು. ದಪ್ಪ ಟೈರಿನ, ಗುಡ್ಡ ಹತ್ತಿ ಇಳಿಯುವ ಸೈಕಲ್ಲುಗಳನ್ನು ತೆಗೆದುಕೊಂಡು ಒಂದು ವಾರ ಹಂಪಿಯ ಬಂಡೆಗಳ ನಡುವೆ, ಒಂದು ವಾರ ಸಂಡೂರಿನ ಗುಡ್ಡಗಳಲ್ಲಿ ಸುತ್ತುತ್ತಿದ್ದೆವು. ಸಾವ್ಕಾರರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮನೆಯವರು ಫೋನು ಮಾಡಿ, "ಸತ್ತ ಮ್ಯಾಲೂ ಆ ಬ್ರೇಕಿನ ಸುದ್ದಿ ಬಿಡಂಗಿಲ್ಲೇನ್ರೀ" ಎಂದು ನನ್ನನ್ನು ಬೈಯುವುದು ಖಂಡಿತ. ಊರಿಗೆಲ್ಲ ಅವರು ಸಾವ್ಕಾರರು, ಇಲ್ಲಿಯೂ ಹಾಗೆಯೇ ಇರಲಿ.

ಅವರು ನನಗೆ ಸಿಕ್ಕಿದ್ದು ಹಂಪಿ ಬಜಾರಿನಲ್ಲಿ. ಬೆಳಗಿನ ಹೊತ್ತು ಕಲ್ಲು ಮಂಟಪಗಳ ಸಾಲಿನ ತುದಿಯಲ್ಲಿ ಸೈಕಲ್ ನಿಲ್ಲಿಸಿ ನೀರು ಕುಡಿಯುತ್ತಿದ್ದೆ. ಬಿಳಿ ಅಂಗಿ, ದರ್ಜಿಯಿಂದ ಹೊಲಿಸಿದ ಮೊಣಕಾಲು ದಾಟುವ ಚಡ್ಡಿ, ಹೆಗಲ ಮೇಲೆ ಟವೆಲ್ಲು, ಹೆಲ್ಮೆಟ್ಟಿನ ಅಂಚಿನಲ್ಲಿ ಇಣುಕುವ ವಿಭೂತಿ, ಮನುಷ್ಯನಿಗಿಂತ ಒಂದು ಗೇಣು ಮುಂದೆ ಬರುವ ಹೊಟ್ಟೆ. ಆ ಬಜಾರಿನಲ್ಲಿ ಒಬ್ಬಳೇ ನಿಂತ ಹೆಂಗಸನ್ನು ಬಳೆ ಬೇಕಾ, ನಕ್ಷೆ ಬೇಕಾ, ಗೈಡ್ ಬೇಕಾ ಎಂದು ಕೇಳುವವರಿಗೇನೂ ಕಡಿಮೆಯಿಲ್ಲ. ಇವರು ಹತ್ತಿರ ಬಂದು ಎರಡೂ ಕೈ ಜೋಡಿಸಿದರು.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಬ್ರೇಕ್ ಒಂದ್ಸಲ ಒತ್ತಿ ನೋಡ್ಲೇನ್ರಿ?"

ನಾನು ವರ್ಷಗಟ್ಟಲೆ ಹಲ್ಲು ಕಿತ್ತವಳು, ಸುಲಭಕ್ಕೆ ಗಾಬರಿಯಾಗುವವಳಲ್ಲ. ಆದರೂ ಈ ಪ್ರಶ್ನೆಗೆ ಏನು ಹೇಳಬೇಕೆಂದು ತೋಚದೆ "ನೋಡ್ರಿ" ಎಂದುಬಿಟ್ಟೆ. ಅವರು ಬಲಗೈಯ ತೋರುಬೆರಳನ್ನು ಟವೆಲ್ಲಿನಿಂದ ಒರೆಸಿಕೊಂಡರು. ಕಣ್ಣು ಮುಚ್ಚಿದರು. ಎಡ ಬಲ ಎರಡೂ ಲಿವರುಗಳ ಮೇಲೆ ಸರದಿಯಂತೆ ಆ ಒಂದೇ ಬೆರಳಿಟ್ಟು, ಮಲಗಿದ ಕೂಸಿನ ಕೆನ್ನೆ ಮುಟ್ಟುವವರ ಹಾಗೆ ಮೆಲ್ಲಗೆ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

"ಗಾಳಿ ಸೇರೈತ್ರಿ. ಭಾಳ ಅಲ್ಲ, ಒಂದು ಗುಳ್ಳಿ. ಬಲಕ್ಕ ಇಲ್ಲ, ಎಡಕ್ಕಷ್ಟೇ."

ಈ ಸೈಕಲ್ಲುಗಳ ಬ್ರೇಕಿಗೆ ತಂತಿ ಇರುವುದಿಲ್ಲ. ಹಿಡಿಕೆಯ ಹತ್ತಿರದ ಲಿವರನ್ನು ಒತ್ತಿದರೆ ಒಳಗಿನ ಎಣ್ಣೆ ಸಣ್ಣ ಕೊಳವೆಯಲ್ಲಿ ನೂಕಿಕೊಂಡು ಹೋಗಿ, ಚಕ್ರದ ನಡುವಿರುವ ಉಕ್ಕಿನ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಕಚ್ಚಿ ಹಿಡಿಯುವಂತೆ ಮಾಡುತ್ತದೆ. ಎಣ್ಣೆಯ ಜೊತೆ ಗಾಳಿ ಸೇರಿತೆಂದರೆ ಲಿವರು ಮೆತ್ತಗಾಗುತ್ತದೆ. ಇದನ್ನೆಲ್ಲ ನನಗೆ ಅಲ್ಲಿಯೇ, ನಡು ಬಜಾರಿನಲ್ಲಿ, ನಾನು ಕೇಳದೆಯೇ ವಿವರಿಸಿದರು. ಮರುದಿನ ಅಂಗಡಿಯಲ್ಲಿ ಬಿಚ್ಚಿ ನೋಡಿಸಿದಾಗ ಎಡಗಡೆಯಿಂದ ಒಂದೇ ಒಂದು ಗುಳ್ಳೆ ಬಂತು. ಮುಂದಿನ ಭಾನುವಾರದಿಂದ ನಾನು ಅವರ ಗುಂಪಿನವಳಾದೆ.

ಬ್ರೇಕಿನ ವಿಚಾರದಲ್ಲಿ ಅವರದೊಂದು ಸಿದ್ಧಾಂತವಿತ್ತು. "ನಿಲ್ಲಿಸೂದು ದೊಡ್ಡ ಮಾತಲ್ರಿ. ಗೋಡಿಗೆ ಗುದ್ದಿದ್ರೂ ಗಾಡಿ ನಿಲ್ತೈತಿ. ಬ್ರೇಕ್ ಅಂದ್ರ ಮೊದ್ಲು ಬೆರಳಿಗೆ ಹೇಳ್ಬೇಕು, ಆಮ್ಯಾಲೆ ನಿಲ್ಲಿಸ್ಬೇಕು." ಅವರ ಪ್ರಕಾರ ಬ್ರೇಕುಗಳಲ್ಲಿ ಮೂರು ಜಾತಿ. ಏನೂ ಇಲ್ಲ ಏನೂ ಇಲ್ಲ ಎನ್ನುತ್ತಿದ್ದು ಒಮ್ಮೆಲೇ ಹಿಡಿಯುವುದು ಗೋಡೆ. ಒತ್ತಿದಷ್ಟೂ ಒಳಗೆ ತೆಗೆದುಕೊಂಡು, ಒತ್ತಿದಷ್ಟೇ ನಿಲ್ಲಿಸುವುದು ದಿಂಬು. ಮೂರನೆಯದು ಸತ್ತದ್ದು. ಅದು ನಿಲ್ಲಿಸಿದರೂ ಬೆರಳಿಗೆ ಏನೂ ಹೇಳುವುದಿಲ್ಲ. ಈ ಮೂರನೆಯ ತೀರ್ಪು ಬಂದರೆ ಸೈಕಲ್ಲಿನವನ ಮುಖ ಬಾಡುತ್ತಿತ್ತು. ಹೊಸ ಬ್ರೇಕು ಹಾಕಿಸಿದವರು ಮೊದಲ ಭಾನುವಾರ ಸಾವ್ಕಾರರ ಮುಂದೆ ಸೈಕಲ್ ನಿಲ್ಲಿಸಿ ಕೈ ಕಟ್ಟಿ ನಿಲ್ಲುತ್ತಿದ್ದ ರೀತಿ ನೋಡಬೇಕಿತ್ತು. ಹೆಣ್ಣು ನೋಡಲು ಬಂದವರ ಮುಂದೆ ತಂದೆ ನಿಂತ ಹಾಗೆ.

ಕಂಡ ಬ್ರೇಕನ್ನೆಲ್ಲ ಒತ್ತುವುದು ಅವರಿಗೊಂದು ಚಟ. ನಿಂತ ಸ್ಕೂಟರಿನದು, ಕಂಪನಿ ಬಸ್ಸಿನದು, ನನ್ನ ಕ್ಲಿನಿಕ್ಕಿನ ಮೆಟ್ಟಿಲ ಬಳಿ ಇಟ್ಟಿದ್ದ ಗಾಲಿಕುರ್ಚಿಯದು. ಒಮ್ಮೆ ಯಾವುದೋ ದೇಶದಿಂದ ಸೈಕಲ್ ಹೊಡೆಯುತ್ತ ಹಂಪಿಗೆ ಬಂದ ಉದ್ದ ಗಡ್ಡದವನೊಬ್ಬ ಚಹಾ ಕುಡಿಯುತ್ತಿದ್ದಾಗ ಸಾವ್ಕಾರರು ಹೋಗಿ ಅವನ ಬ್ರೇಕು ಒತ್ತಿ ಕಣ್ಣು ಮುಚ್ಚಿ ನಿಂತರು. ಅವನು ಇದು ಇಲ್ಲಿನ ಯಾವುದೋ ಪೂಜೆ ಇರಬೇಕೆಂದುಕೊಂಡು ಲೋಟ ಕೆಳಗಿಟ್ಟು ಎದ್ದು ನಿಂತ. "ಮಸ್ತ್" ಎಂದು ಇವರು ಕಣ್ಣು ಬಿಟ್ಟ ಮೇಲೆ ಅವನೂ ಕೈ ಮುಗಿದ. ಮದುವೆಗಳಲ್ಲಿ ಇವರು ಮದುಮಗನ ಕೈ ಕುಲುಕಿದರೆ ನಮ್ಮ ಇಂಜಿನಿಯರು ಪಕ್ಕದಲ್ಲಿ ನಿಂತು, "ಏನ್ರಿ ಸಾವ್ಕಾರ್ರ, ಗೋಡೀನೋ ದಿಂಬೋ?" ಎಂದು ಕೇಳುವುದೂ, ಇವರು ಗಂಭೀರವಾಗಿ ಯೋಚಿಸಿ ಉತ್ತರ ಕೊಡುವುದೂ ಇತ್ತು.

ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಕಂಪ್ಲಿಯ ಅವರ ಮನೆಗೆ ನಾವು ಊಟಕ್ಕೆ ಹೋದಾಗಲೆಲ್ಲ ಅವರ ಹೆಂಡತಿ ರೊಟ್ಟಿ ಬಡಿಸುತ್ತ ಇವರ ಮೇಲಿನ ದೂರನ್ನೂ ಬಡಿಸುತ್ತಿದ್ದರು. "ಮಿಲ್ಲಿನ ಮುಂದ ಭತ್ತದ ಟ್ರ್ಯಾಕ್ಟರ್ ನಿಂತಿರ್ತಾವ, ಇವ್ರು ಒಳಗ ಕುಂತು ಬ್ರೇಕ್ ಒತ್ತಿಕೋತ ಇರ್ತಾರ. ಸಕ್ರಿ ರೋಗ ಐತಿ, ಸೈಕಲ್ ಹೊಡೀರಿ ಅಂದ್ರು ಡಾಕ್ಟ್ರು. ಹೊಡೀರಿ ಅಂದಿದ್ದು, ನಿಲ್ಲಿಸ್ರಿ ಅಂದಿಲ್ಲ." ಸಾವ್ಕಾರರು ತಲೆ ಎತ್ತದೆ ಉಣ್ಣುತ್ತಿದ್ದರು.

ಆಕೆಯ ಮಾತಿನಲ್ಲಿ ಸತ್ಯವಿತ್ತು. ಸೈಕಲ್ ಹೊಡೆಯುವುದರಲ್ಲಿ ಅವರು ನಮ್ಮ ಗುಂಪಿನಲ್ಲೇ ಕೊನೆಯವರು. ಏರಿನಲ್ಲಿ ನಾವು ಹತ್ತಿ ಮುಗಿಸಿ ಹರಟೆ ಹೊಡೆದು ಬೇಜಾರಾದ ಮೇಲೆ ಅವರ ಹೆಲ್ಮೆಟ್ಟು ಕಾಣಿಸುತ್ತಿತ್ತು. ಇಳಿಜಾರಿನಲ್ಲಿ ಎಲ್ಲರೂ ಗಾಳಿಗೆ ಮೈ ಒಡ್ಡಿ ಇಳಿದರೆ ಇವರು ಒಂದಿಷ್ಟು ಇಳಿದು ನಿಲ್ಲಿಸಿ, ಸುಖವಾಗಿ ನಕ್ಕು, ಮತ್ತೊಂದಿಷ್ಟು ಇಳಿದು ನಿಲ್ಲಿಸುತ್ತಿದ್ದರು. ಅವರು ಇಳಿಯುತ್ತಿದ್ದುದೇ ನಿಲ್ಲಿಸುವುದಕ್ಕೆ. ಇಷ್ಟಾದರೂ ಅವರಿಲ್ಲದೆ ನಾವು ಹೊರಡುತ್ತಿರಲಿಲ್ಲ. ಅವರ ಬೆರಳು ಬೇಕಿತ್ತು ನಮಗೆ. ಸಂಡೂರಿನ ಇಳಿಜಾರಿಗೆ ಇಳಿಯುವ ಮೊದಲು ಎಲ್ಲರ ಸೈಕಲ್ಲಿನ ಮೇಲೂ ಆ ಬೆರಳು ಆಡಬೇಕು, ಅವರು "ಹೋಗ್ರಿ" ಎನ್ನಬೇಕು, ಆಗ ಹೋಗುವುದು. ಅದೇ ಅವರಿಗೆ ಗುಂಪಿನಲ್ಲಿದ್ದ ಜಾಗ. ಅದು ಅವರಿಗೂ ಚೆನ್ನಾಗಿ ಗೊತ್ತಿತ್ತು, ಮತ್ತು ಆ ಜಾಗ ಹೋದೀತೆಂಬ ಹೆದರಿಕೆಯ ಕತೆಯೇ ನಾನು ಈಗ ಹೇಳಹೊರಟಿರುವುದು.

ಒಂದು ಮಳೆಗಾಲ ಮುಗಿದ ಮೇಲೆ ಸಾವ್ಕಾರರಿಗೆ ಎಲ್ಲ ಬ್ರೇಕುಗಳೂ ಕೆಟ್ಟು ಹೋಗತೊಡಗಿದವು. ನನ್ನದು ಮಂಕಾಗಿದೆ ಎಂದರು. ಎಣ್ಣೆ ಬದಲಿಸಿದೆ, ಇನ್ನೂ ಮಂಕಾಗಿದೆ ಎಂದರು. ನಮ್ಮ ಗುಂಪಿನ ಪಾಪದ ಒಬ್ಬ ಮೇಷ್ಟ್ರಿಗೆ ಪ್ಯಾಡು ಹಾಕಿಸಿ, ತಟ್ಟೆ ಹಾಕಿಸಿ, ಕೊನೆಗೆ ಕೊಳವೆಯನ್ನೂ ಬದಲು ಮಾಡಿಸಿ, "ಉಂಹೂಂ" ಎಂದು ತಲೆಯಾಡಿಸಿದರು. ತಮ್ಮದೇ ಸೈಕಲ್ಲಿನ ಎಣ್ಣೆಯನ್ನಂತೂ ವಾರಕ್ಕೊಮ್ಮೆ ತೆಗೆದು ಹಾಕುತ್ತಿದ್ದರು. ಡಬ್ಬಿಯ ಎಣ್ಣೆಯಲ್ಲೇ ಕಲಬೆರಕೆ ಇದೆ ಎಂಬ ಗುಮಾನಿ ಅವರಿಗೆ ಬಂತು. ಆಗ ಅವರು ಕಂಪ್ಲಿಯ ಗಿರಣಿ ಮಾಲೀಕರೊಬ್ಬರು ಮಾತ್ರ ಮಾಡಬಹುದಾದ ಕೆಲಸ ಮಾಡಿದರು. ಅಡುಗೆಮನೆಗೆ ಹೋಗಿ, ಹೆಂಡತಿ ಬಜ್ಜಿ ಕರಿಯಲು ಇಟ್ಟಿದ್ದ ತೌಡಿನ ಎಣ್ಣೆಯನ್ನು ತಂದು ಬ್ರೇಕಿಗೆ ತುಂಬಿದರು.

"ಅದೂ ಎಣ್ಣೀನೇ, ಇದೂ ಎಣ್ಣೀನೇ," ಎಂದರು ಆ ಭಾನುವಾರ ಹಂಪಿಯಲ್ಲಿ, ಎದೆ ಉಬ್ಬಿಸಿ. "ಇದು ನಮ್ಮ ಮಿಲ್ಲಿನ ತೌಡಿಂದ ತಗಿಸಿದ್ದು. ಏನೂ ಬೆರಕಿ ಇಲ್ಲ."

"ಸಾವ್ಕಾರ್ರ, ಒಳಗಿನ ರಬ್ಬರ್ ಉಬ್ತೈತ್ರಿ," ಎಂದ ಇಂಜಿನಿಯರು.

"ನಾವೆಲ್ಲಾ ಇದನ್ನ ತಿಂದೇ ಬೆಳದೀವಿ. ನಾವೇನ್ ಉಬ್ಬೀವೇನೋ?"

ಇಂಜಿನಿಯರು ಅವರ ಹೊಟ್ಟೆಯ ಕಡೆ ನೋಡಿದ. ತಟ್ಟನೆ ದೃಷ್ಟಿಯನ್ನು ಸೈಕಲ್ಲಿನ ಕಡೆ ತಿರುಗಿಸಿದ. ಸಭ್ಯ ಮನುಷ್ಯ.

ಮೊದಲ ಇಳಿಜಾರು ಚೆನ್ನಾಗಿಯೇ ಆಯಿತು. ಎರಡನೆಯದರಲ್ಲಿ ರಬ್ಬರು ಉಬ್ಬಿ ಪ್ಯಾಡುಗಳು ತಟ್ಟೆಯನ್ನು ಹಿಡಿದವು, ಹಿಡಿದವು ಬಿಡಲೇ ಇಲ್ಲ. ತಟ್ಟೆ ಕಾಯ್ದು, ಒಸರಿದ ಎಣ್ಣೆ ಅದರ ಮೇಲೆ ಬಿದ್ದು, ಘಮ್ಮೆಂದು ಬಜ್ಜಿ ಕರಿದ ವಾಸನೆ ಎದ್ದಿತು. ದಾರಿಯಲ್ಲಿ ಹೋಗುತ್ತಿದ್ದ ಯಾತ್ರಿಕರ ಕುಟುಂಬವೊಂದು ನಿಂತು, "ಅಣ್ಣಾರ, ಮಿರ್ಚಿ ಎಲ್ಲಿ ಹಾಕ್ತದಾರ್ರಿ?" ಎಂದು ವಿಚಾರಿಸಿತು. ಚಕ್ರ ಒಂದಿಂಚೂ ತಿರುಗದ ಸೈಕಲ್ಲನ್ನು ನಾವು ಸರದಿಯ ಮೇಲೆ ಹೊತ್ತು ತಂದೆವು. ಸಾವ್ಕಾರರು ಮಾತ್ರ ಪಕ್ಕದಲ್ಲಿ ಖಾಲಿ ಕೈ ಬೀಸಿಕೊಂಡು ನಡೆಯುತ್ತ, "ಏನರ ಅನ್ರಿ, ಹಿಡಿತ ಅಂದ್ರ ಇದು" ಎನ್ನುತ್ತಿದ್ದರು. ಆ ಸೈಕಲ್ಲಿನ ಒಂದು ಬದಿ ನನ್ನ ಹೆಗಲ ಮೇಲಿದ್ದುದರಿಂದ ನನಗೆ ಆಗ ನಗು ಬರಲಿಲ್ಲ.

ಅದಾದ ಮೇಲೆ ಇಂಜಿನಿಯರು ಹೊಸ ಬ್ರೇಕು ಹಾಕಿಸಿದ. ಪ್ರತಿ ಚಕ್ರಕ್ಕೂ ನಾಲ್ಕು ಪಿಸ್ಟನ್ನು, ದೊಡ್ಡ ತಟ್ಟೆ, ಆಸೆಪಟ್ಟು ತಿಂಗಳುಗಟ್ಟಲೆ ಕಾದು ತರಿಸಿದ್ದು. ಇವನು ಬಂಡ್ರಿ ಕಡೆಯವನು, ಓದಿನಲ್ಲಿ ಚುರುಕು, ಅಳೆಯಲಾಗದ ಯಾವುದನ್ನೂ ನಂಬುವವನಲ್ಲ. ತರಕಾರಿಯವರ ಹತ್ತಿರ ಇರುವಂಥ ಸ್ಪ್ರಿಂಗ್ ತಕ್ಕಡಿಯನ್ನು ಲಿವರಿಗೆ ಸಿಕ್ಕಿಸಿ ಎಷ್ಟು ಎಳೆದರೆ ಚಕ್ರ ನಿಲ್ಲುತ್ತದೆ ಎಂದು ನೋಡುವವನು. ಸಾವ್ಕಾರರ ಗೋಡೆ, ದಿಂಬುಗಳನ್ನು ಕೇಳಿ ನಗುವವನು. ಆದರೂ ಅವನು ಆ ಬೆಳಿಗ್ಗೆ ಸೈಕಲ್ಲನ್ನು ತೊಳೆದು ಒರೆಸಿ ತಂದು ಅವರ ಮುಂದೆಯೇ ನಿಲ್ಲಿಸಿದ.

ಸಾವ್ಕಾರರು ಒತ್ತಿದರು. ಎಂದಿಗಿಂತ ಹೆಚ್ಚು ಹೊತ್ತು ಒತ್ತಿದರು. "ಸತ್ತೈತಿ" ಎಂದರು.

ಇಂಜಿನಿಯರಿನ ಕಿವಿ ಕೆಂಪಾಯಿತು. "ಸಾವ್ಕಾರ್ರ, ನಿಮಗ ಎಲ್ಲಾ ಸತ್ತಾವ. ಇಡೀ ಬಳ್ಳಾರಿ ಸೀಮ್ಯಾಗ ಜೀವ ಇರೋ ಬ್ರೇಕು ಒಂದೂ ಇಲ್ಲೇನ್ರಿ? ಟೆಸ್ಟ್ ಮಾಡೂಣು. ಕಣ್ಣಿಗೆ ಬಟ್ಟಿ ಕಟ್ತೀನಿ. ಮೂರು ಸೈಕಲ್ ನಿಲ್ಲಿಸ್ತೀನಿ. ಒಂದರಾಗ ನಾನೇ ಗಾಳಿ ಸೇರಿಸಿರ್ತೀನಿ. ಯಾವುದು ಹೇಳ್ರಿ, ಸಾಕು."

"ಹೇಳ್ತೀನಿ. ಹೇಳ್ಲಿಲ್ಲಂದ್ರ ಆ ಐತ್ವಾರದಿಂದ ನಾ ಬರಂಗಿಲ್ಲ ಬಿಡು."

ಭಾನುವಾರಗಳನ್ನೇ ಬಿಟ್ಟುಬಿಡಿ ಎಂದು ಅವನೇನೂ ಕೇಳಿರಲಿಲ್ಲ. ಆದರೆ ಸಾವ್ಕಾರರು ಆಡಿದ ಮಾತನ್ನು ಭತ್ತದ ವ್ಯಾಪಾರದಲ್ಲೂ ಹಿಂತೆಗೆದುಕೊಂಡವರಲ್ಲ.

ಆ ವಾರವೇ ಅವರು ನನ್ನ ಕ್ಲಿನಿಕ್ಕಿಗೆ ಬಂದರು, ಕೆನ್ನೆ ಹಿಡಿದುಕೊಂಡು. ಭತ್ತ ಕೊಳ್ಳುವಾಗ ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕೆನ್ನಿಸುವುದು ಅಲ್ಲಿಯ ರೂಢಿ. ಕಾಳು ಒಣಗಿದೆಯೋ ಹಸಿ ಇದೆಯೋ ಎಂದು ಆ ಕಟಕ್ಕಿನಲ್ಲೇ ತಿಳಿಯುತ್ತದಂತೆ. ಒಂದು ಆಯುಷ್ಯ ಹೀಗೆ ಕಟಕ್ಕೆನ್ನಿಸಿ ಅವರ ದವಡೆ ಹಲ್ಲೊಂದು ಸೀಳು ಬಿಟ್ಟಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ತುಟಿ ದಪ್ಪಗಾಗಲಿ ಎಂದು ಕಾಯುತ್ತ ಕುಳಿತೆ. ಸಾವ್ಕಾರರು ತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಡಾಕ್ಟ್ರಮ್ಮ," ಎಂದರು ಒಂದೇ ಕಡೆಯ ಬಾಯಿಂದ. "ಈ ತುಟಿ ಈಗ ಐತೋ ಇಲ್ಲೋ ತಿಳಿವಲ್ದು, ನೋಡ್ರಿ. ನನ್ನ ಬೆರಳು ಮಳಿಗಾಲದಿಂದ ಹಿಂಗ ಅದಾವ."

ಹಲ್ಲಿನ ಕೆಲಸ ಬಿಟ್ಟು ಅವರ ಕೈ ಹಿಡಿದುಕೊಂಡೆ. ಕಣ್ಣು ಮುಚ್ಚಲು ಹೇಳಿ, ನನ್ನ ಉಪಕರಣದ ಚೂಪು ತುದಿಯಿಂದ ಒಮ್ಮೆ, ಮೊಂಡು ತುದಿಯಿಂದ ಒಮ್ಮೆ ಆ ತೋರುಬೆರಳನ್ನು ಮುಟ್ಟಿದೆ. ಚೂಪು ಎಂದಾಗ ಮೊಂಡಿತ್ತು, ಮೊಂಡು ಎಂದಾಗ ನಾನು ಮುಟ್ಟಿರಲೇ ಇಲ್ಲ. ಸಕ್ಕರೆ ಕಾಯಿಲೆ ನರಗಳನ್ನು ಹೀಗೆ ಮಂಕು ಮಾಡುವುದುಂಟು. ಬ್ರೇಕುಗಳೆಲ್ಲ ನೆಟ್ಟಗೇ ಇದ್ದವು, ಮೇಷ್ಟ್ರ ಕೊಳವೆಯೂ ನೆಟ್ಟಗಿತ್ತು. ನನಗೆ ಅವರ ಮೇಲೆ ಸಿಟ್ಟು ಬಂತು. ಅಷ್ಟೇ ಸಂಕಟವೂ ಆಯಿತು.

"ಇದನ್ನ ಮೊದ್ಲು ನಿಮ್ಮ ಡಾಕ್ಟ್ರಿಗೆ ತೋರಿಸ್ರಿ. ಮತ್ತ ಆ ಟೆಸ್ಟು ಗಿಸ್ಟು ಬ್ಯಾಡ. ಹುಡುಗರಿಗೆ ಇದ್ದದ್ದು ಹೇಳಿಬಿಡ್ರಿ."

"ಬೆರಳು ಹೋಗ್ಯಾವಂತ ಹೇಳಿದ್ರ ಮುಂದ ನನ್ನ ಯಾಕ ಕರೀತಾರ್ರಿ? ಏರಿನಾಗ ನಾ ಬರೂತನಕ ನೀವೆಲ್ಲಾ ಕಾದು ಕಾದು ಆಕಳಿಸ್ತೀರಿ. ನನಗ ಕಾಣ್ತೈತಿ. ಬೆರಳಿನ ಸಲುವಾಗಿ ಕಾಯ್ತಾರ, ಹೋಗ್ಲಿ ಅಂತ ನಾನೂ ಸುಮ್ನಿದ್ದೆ."

ಯಾರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡರು. ಹಲ್ಲಿಗೆ ಕವಚ ಕೂರಿಸಿ, ಇನ್ನು ಭತ್ತ ಕಡಿಯಕೂಡದು, ಹಲ್ಲು ಎಂದರೆ ಕೂದಲೆಳೆ ಸಿಕ್ಕಿದರೂ ಗೊತ್ತಾಗುವಂಥ ಸೂಕ್ಷ್ಮ ವಸ್ತು, ಅದನ್ನು ಅಡಕೊತ್ತಿನ ಹಾಗೆ ಬಳಸುತ್ತೀರಲ್ಲ ಎಂದು ಗದರಿ ಕಳಿಸಿದೆ. ಆ ಕೊನೆಯ ಮಾತನ್ನು ಹೇಳಬಾರದಿತ್ತೋ ಏನೋ.

ಟೆಸ್ಟು ಸಂಡೂರಿನ ಆಚೆ, ಯಶವಂತನಗರದ ದಾರಿಯ ಪಕ್ಕದ ಕೆಂಪು ಮಣ್ಣಿನ ಇಳಿಜಾರಿನಲ್ಲಿ. ಇಂಜಿನಿಯರು ಟೇಪು, ತಕ್ಕಡಿ, ಸುಣ್ಣದ ಪುಡಿ ಎಲ್ಲ ತಂದಿದ್ದ. ಮೊದಲು ಶಕ್ತಿಯ ಪರೀಕ್ಷೆ ಎಂದು ಸುಣ್ಣದ ಗೆರೆ ಎಳೆದು, ನನ್ನನ್ನೇ ಒಂದೊಂದು ಸೈಕಲ್ಲಿನ ಮೇಲೂ ಕೂರಿಸಿ ಮೇಲಿನಿಂದ ಬಿಟ್ಟ. ಗೆರೆ ದಾಟುತ್ತಲೇ ಬ್ರೇಕು ಹಿಡಿಯಬೇಕು, ಎಲ್ಲಿ ನಿಂತಿತೆಂದು ಅವನು ಅಳೆಯುತ್ತಾನೆ. ಅವನ ನಾಲ್ಕು ಪಿಸ್ಟನ್ನಿನದು ಎಲ್ಲಕ್ಕಿಂತ ಬೇಗ ನಿಂತಿತು. ನಾನು ಹಿಡಿಕೆಯ ಮೇಲಿಂದ ಹಾರಿ ಬೀಳುವುದೊಂದು ಬಾಕಿ.

"ಶಕ್ತಿ ಐತಿ. ನಾ ಇಲ್ಲ ಅಂದೇನೇನು?" ಎಂದರು ಸಾವ್ಕಾರರು. ಅವರ ಧ್ವನಿಯಲ್ಲಿ ಎಂದಿನ ಗತ್ತು ಇರಲಿಲ್ಲ.

ಅವರದೇ ಟವೆಲ್ಲನ್ನು ಅವರ ಕಣ್ಣಿಗೆ ಕಟ್ಟಿದೆವು. ಮೂರು ಸೈಕಲ್ಲುಗಳು ಸಾಲಾಗಿ ನಿಂತವು. ಮೊದಲನೆಯದನ್ನು ಒತ್ತಿದರು. ಎರಡನೆಯದನ್ನು ಒತ್ತಿದರು. ಮೂರನೆಯದಕ್ಕೆ ಹೋಗಿ ಮತ್ತೆ ಮೊದಲನೆಯದಕ್ಕೆ ಬಂದರು. ಬೆರಳು ಲಿವರಿನ ಮೇಲಿಂದ ಜಾರಿ ಪಕ್ಕಕ್ಕೆ ಬಿತ್ತು, ಅದೂ ಅವರಿಗೆ ತಿಳಿಯಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಇಂಜಿನಿಯರು ಟೇಪು ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

ಆಗ ಸಾವ್ಕಾರರು ಸೈಕಲ್ಲಿನ ಮುಂದೆ ಮೊಣಕಾಲೂರಿ ಕುಳಿತರು. ಕೈಯಿಂದ ತಡವಿ ಲಿವರು ಎಲ್ಲಿದೆ ಎಂದು ನೋಡಿಕೊಂಡರು. ಬಾಯಿ ತೆರೆದು, ಅದರ ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿದು, ತಲೆಯಿಂದ ಮೆಲ್ಲಗೆ ಹಿಡಿಕೆಯ ಕಡೆಗೆ ತಳ್ಳಿದರು.

"ಸಾವ್ಕಾರ್ರ, ಬಿಡ್ರಿ ಅದನ್ನ," ಎಂದು ನಾನು ಕೂಗಿಕೊಂಡೆ. ನನ್ನ ಕವಚಕ್ಕೆ ಇನ್ನೂ ವಾರ ತುಂಬಿರಲಿಲ್ಲ.

ಅವರು ಒಂದು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಅದಿರಿನ ಲಾರಿಯೊಂದು ವೇಗ ತಗ್ಗಿಸಿತು. ಅದರ ಹಿಂದೆ ಕಂಪನಿ ಬಸ್ಸು ನಿಂತಿತು, ಪಾಳಿ ಮುಗಿ‌ಸಿ ಬರುತ್ತಿದ್ದ ಗಣಿಯವರೆಲ್ಲ ಒಂದೇ ಬದಿಯ ಕಿಟಕಿಗಳಿಗೆ ಬಂದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೈಕಲ್ಲನ್ನು ಕಚ್ಚುತ್ತಿರುವ ಹಿರಿಯರನ್ನು ಇಣುಕಿ ನೋಡಿದರು. ಒಬ್ಬರು, "ಪಾಪ, ಮನ್ಯಾಗ ನಾಷ್ಟಾ ಹಾಕಿಲ್ಲ ಕಾಣ್ತೈತಿ" ಎಂದದ್ದು ಕೇಳಿಸಿತು. ಸಾವ್ಕಾರರು ಒಂದನ್ನು ಕಚ್ಚಿದರು, ಮೊಣಕಾಲ ಮೇಲೇ ಜರುಗಿ ಇನ್ನೊಂದನ್ನು ಕಚ್ಚಿದರು, ಮೂರನೆಯದನ್ನೂ ಕಚ್ಚಿದರು. ಮತ್ತೆ ನಡುವಿನದಕ್ಕೆ ಹಿಂದಿರುಗಿ ಒಮ್ಮೆ ತಳ್ಳಿ ಬಿಟ್ಟರು.

"ನಡುವಿಂದು," ಎಂದರು. "ಗಾಳಿ ಐತಿ."

ಸರಿಯಾಗಿತ್ತು. ನಾವೆಲ್ಲ ಚಪ್ಪಾಳೆ ಹೊಡೆದೆವು, ಬಸ್ಸಿನವರೂ ಏನೆಂದು ತಿಳಿಯದೆ ಹೊಡೆದರು. ಇಂಜಿನಿಯರು ಬಾಯಿ ತೆರೆದು ನಿಂತಿದ್ದ. ಗೆದ್ದ ಮನುಷ್ಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ನಗಬೇಕಿತ್ತು. ನಗಲಿಲ್ಲ. ಇಂಜಿನಿಯರಿನ ಎದುರು ಹೋಗಿ ನಿಂತರು.

"ತಮ್ಮಾ, ಹಲ್ಲಿನಾಗ ಹೇಳಿದ್ದು, ಬೆರಳಿನಾಗ ಅಲ್ಲ. ಬೆರಳು ಹೋಗ್ಯಾವ. ನಿನ್ನ ಬ್ರೇಕ್ ಸತ್ತಿದ್ದಿಲ್ಲ. ನಾನೇ ಸುಮ್ಮಸುಮ್ನ ಅಂದುಬಿಟ್ಟೆ. ಮೇಷ್ಟ್ರ, ನಿಮ್ಮದೂ ಸರಿ ಇತ್ರಿ."

ಚಪ್ಪಾಳೆ ನಿಂತಿತು. ಅವರು ತಮ್ಮ ಸೈಕಲ್ಲು ತಳ್ಳಿಕೊಂಡು ರಸ್ತೆಯ ಬದಿಗೆ ಹೋದರು. ಅಲ್ಲಿ ಅವರ ಗಿರಣಿಯ ಗೂಡ್ಸ್ ಗಾಡಿ ನಿಂತಿರುವುದನ್ನು ನಾವು ನೋಡಿದ್ದು ಆಗಲೇ. ಹಿಂದಿರುಗಿ ಸೈಕಲ್ ಹೊಡೆಯುವ ಯೋಚನೆಯನ್ನು ಅವರು ಮನೆಯಿಂದ ಹೊರಡುವಾಗಲೇ ಬಿಟ್ಟಿದ್ದರು. ಮುಂದಿನ ಚಕ್ರ ಎತ್ತಿ ಗಾಡಿಯ ಮೇಲೆ ಇಟ್ಟರು. ಹೋಗಿ ತಡೆಯಬೇಕೆಂದು ನಾನು ಎರಡು ಹೆಜ್ಜೆ ಇಟ್ಟೆ.

ಇಂಜಿನಿಯರು ತನ್ನ ಸೈಕಲ್ಲನ್ನು ತಳ್ಳಿಕೊಂಡು ಅವರ ಹಿಂದೆ ಹೋದ. ಅವನ ಮುಖ ಇನ್ನೂ ಜಗಳದ್ದೇ.

"ನನ್ನ ಬ್ರೇಕಿಂದು ಹೇಳದ ಎಲ್ಲಿಗೆ ಹೊಂಟ್ರಿ? ಸತ್ತಿಲ್ಲ ಅಂದ್ರಿ. ಮತ್ತ ಗೋಡೀನೋ ದಿಂಬೋ, ಅದನ್ನ ಹೇಳಿಲ್ಲ."

"ಬೆರಳಿಲ್ಲೋ ಯಪ್ಪಾ."

"ಹಲ್ಲು ಅದಾವಲ್ರಿ."

"ಇನ್ನೊಂದ್ಸಲ ಕಚ್ಚಿದ್ರ ಎಲ್ಲಾ ಕಿತ್ತು ಕೈಯಾಗ ಕೊಡ್ತೀನಿ," ಎಂದೆ ನಾನು ಹಿಂದಿನಿಂದ.

ಸಾವ್ಕಾರರು ಒಂದು ಕ್ಷಣ ಇಬ್ಬರನ್ನೂ ನೋಡಿದರು. ಹೆಗಲ ಟವೆಲ್ಲು ತೆಗೆದು ಇಂಜಿನಿಯರಿನ ಕೈಗೆ ಕೊಟ್ಟರು. "ಬೆರಳು ಒರಿಸಿಕೋ. ನೀನೇ ಒತ್ತು, ನನಗ ಹೇಳು."

ಅವನು ಒರೆಸಿಕೊಂಡ. ಒತ್ತಿದ.

"ಎಲ್ಲಿ ಹಿಡೀತು?"

"ಅರ್ಧಕ್ಕ."

"ಆಮ್ಯಾಲೆ?"

"ಆಮ್ಯಾಲೆ ಏನ್ರಿ? ನಿಲ್ತು."

"ಕಣ್ ಮುಚ್ಚಲೇ."

ಅಳೆಯಲಾಗದ್ದನ್ನು ನಂಬದ ಆ ಮನುಷ್ಯ, ರಸ್ತೆಯಲ್ಲಿ ತನ್ನದೇ ಕಂಪನಿಯ ಬಸ್ಸು ನಿಂತಿರುವಾಗ, ಕಣ್ಣು ಮುಚ್ಚಿದ. ಮೆಲ್ಲಗೆ ಒತ್ತಿದ, ಬಿಟ್ಟ, ಒತ್ತಿದ. ಅವನ ಹುಬ್ಬು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು.

"ದಿಂಬು," ಎಂದ, ಸಣ್ಣ ದನಿಯಲ್ಲಿ.

"ಯಾವ ದಿಂಬೋ? ಹತ್ತೀದೋ, ಇನ್ನೂ ಮೆತ್ತನ ಬೂರಗದ್ದೋ?"

ಅವನು ಮತ್ತೆ ಒತ್ತಿದ. ಈ ಸಲ ಬಹಳ ಹೊತ್ತು ತೆಗೆದುಕೊಂಡ.

"ಬೂರಗದ್ರೀ."

ಸಾವ್ಕಾರರು ತಲೆಯಾಡಿಸಿದರು. ಗಾಡಿಯ ಮೇಲಿಟ್ಟಿದ್ದ ಮುಂದಿನ ಚಕ್ರವನ್ನು ಕೆಳಗಿಳಿಸಿ, ಹೆಲ್ಮೆಟ್ಟನ್ನು ತಲೆಗಿಟ್ಟುಕೊಂಡು ನಮ್ಮ ಕಡೆ ತಿರುಗಿದರು.

"ಮುಂದಿನ ಐತ್ವಾರ ಇವನ್ನ ಬಿಟ್ಟು ಬರಬ್ಯಾಡ್ರಿ ಮತ್ತ," ಎಂದರು. "ಇವಂಗ ನಾ ಇನ್ನಾ ಭಾಳ ಕಲಿಸೂದೈತಿ."